ಕಾಗೆಗಳ ಸಾವನ್ನು ಎಣಿಸುವವರು ಯಾರು?

1999ರ ಬೇಸಿಗೆಯಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಕ್ವೀನ್ಸ್ ಪ್ರದೇಶದಲ್ಲಿ ಕಾಗೆಗಳು ಸಾಯತೊಡಗಿದವು. ಆಗಸ್ಟ್ ತಿಂಗಳಲ್ಲಿ ಅಲ್ಲಿನ ಫ್ಲಶಿಂಗ್ ಆಸ್ಪತ್ರೆಯ ವೈದ್ಯೆ ಡಾ. ಡೆಬೊರಾ ಆಸ್ನಿಸ್, ತೀವ್ರ ಜ್ವರ, ಮಂಪರು ಮತ್ತು ಸ್ನಾಯು ದೌರ್ಬಲ್ಯದಿಂದ ನರಳುತ್ತಿದ್ದ ಇಬ್ಬರು ರೋಗಿಗಳ ಬಗ್ಗೆ ನಗರದ ಆರೋಗ್ಯ ಇಲಾಖೆಗೆ ತಿಳಿಸಿದರು. ತಜ್ಞರು ಬಂದರು, ರಕ್ತ ಪರೀಕ್ಷೆ ನಡೆಯಿತು. ಇದು ಅಮೆರಿಕಕ್ಕೆ ಚಿರಪರಿಚಿತವಾದ ಸೇಂಟ್ ಲೂಯಿಸ್ ಮೆದುಳು ಜ್ವರವೆಂದು ಸೆಪ್ಟೆಂಬರ್ ಮೊದಲ ವಾರದಲ್ಲಿ ಘೋಷಿಸಲಾಯಿತು. ಹೆಲಿಕಾಪ್ಟರ್‌ಗಳು ನಗರದ ಮೇಲೆ ಕೀಟನಾಶಕ ಸಿಂಪಡಿಸಿದವು.

ಆದರೆ ಅದೇ ನಗರದ ಬ್ರಾಂಕ್ಸ್ ಮೃಗಾಲಯದ ಪಶುರೋಗ ತಜ್ಞೆ ಡಾ. ಟ್ರೇಸಿ ಮೆಕ್‌ನಮಾರಾರ ಮೇಜಿನ ಮೇಲೆ ಫ್ಲೆಮಿಂಗೊಗಳ ಮತ್ತು ಕಾಗೆಗಳ ಶವಗಳಿದ್ದವು. ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳನ್ನು ಕೊಲ್ಲುವುದಿಲ್ಲ. ಹಾಗಿದ್ದರೆ ಇವುಗಳನ್ನು ಕೊಂದದ್ದು ಯಾವುದು? ಅವರು ಈ ಪ್ರಶ್ನೆಯನ್ನು ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ ಮುಂದಿಟ್ಟರು. ಮನುಷ್ಯರ ರೋಗದಲ್ಲಿ ಮುಳುಗಿದ್ದವರಿಗೆ ಹಕ್ಕಿಗಳ ಮಾತು ಕೇಳುವ ವ್ಯವಧಾನವಿರಲಿಲ್ಲ. ಅವರು ಮಾದರಿಗಳನ್ನು ಕೃಷಿ ಇಲಾಖೆಯ ಮತ್ತು ಸೇನೆಯ ಪ್ರಯೋಗಾಲಯಗಳಿಗೆ ಕಳುಹಿಸಬೇಕಾಯಿತು. ಸೆಪ್ಟೆಂಬರ್ ಅಂತ್ಯದ ವೇಳೆಗೆ ನಿಜಸಂಗತಿ ಹೊರಬಿತ್ತು. ಅದು ವೆಸ್ಟ್ ನೈಲ್ ವೈರಸ್ ಆಗಿತ್ತು. 1937ರಲ್ಲಿ ಉಗಾಂಡಾದ ವೆಸ್ಟ್ ನೈಲ್ ಜಿಲ್ಲೆಯ ಓರ್ವ ಮಹಿಳೆಯ ರಕ್ತದಲ್ಲಿ ಮೊದಲ ಬಾರಿಗೆ ಪತ್ತೆಯಾಗಿದ್ದ ಈ ವೈರಸ್ ಅಮೆರಿಕ ಖಂಡದಲ್ಲಿ ಅದುವರೆಗೆ ಕಾಣಿಸಿಕೊಂಡಿರಲಿಲ್ಲ. ಆ ವರ್ಷ 62 ಮಂದಿ ರೋಗಕ್ಕೀಡಾದರು, 7 ಮಂದಿ ಮೃತಪಟ್ಟರು.

ಎರಡೂ ವೈರಸ್‌ಗಳು ಒಂದೇ ಕುಟುಂಬಕ್ಕೆ ಸೇರಿದವು. ಒಂದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವು ಇನ್ನೊಂದರ ಪರೀಕ್ಷೆಯಲ್ಲೂ ಗೋಚರಿಸಬಲ್ಲದು. ಪ್ರಯೋಗಾಲಯ ದಾರಿ ತಪ್ಪಿದ್ದು ಹೀಗೆ. ಇದು ಕ್ಷಮ್ಯ. ಆದರೆ ಮನುಷ್ಯರ ವೈದ್ಯರ ಬಳಿ ಅರ್ಧ ಸತ್ಯ, ಪಶುವೈದ್ಯರ ಬಳಿ ಉಳಿದರ್ಧ ಸತ್ಯ ಇದ್ದೂ ಅವೆರಡು ಒಂದೆಡೆ ಸೇರಲು ವಾರಗಳೇ ಹಿಡಿದವಲ್ಲ, ಅದನ್ನು ಏನೆನ್ನಬೇಕು?

ಆಗ ಇನ್ನೊಂದು ಬೆಳವಣಿಗೆಯೂ ನಡೆಯಿತು. ಇದರ ಹಿಂದೆ ಇರಾಕಿನ ಸದ್ದಾಂ ಹುಸೇನರ ಕೈವಾಡ ಇರಬಹುದೇ ಎಂಬ ಗುಮಾನಿಯನ್ನು ಅಮೆರಿಕದ ಪ್ರತಿಷ್ಠಿತ ಪತ್ರಿಕೆಯೊಂದು ಅಕ್ಟೋಬರ್‌ನಲ್ಲೇ ಹರಿಯಬಿಟ್ಟಿತು. 2002ರಲ್ಲಿ ಸೆನೆಟರ್ ಒಬ್ಬರು ಇದು ಜೈವಿಕ ಅಸ್ತ್ರದ ಪ್ರಯೋಗವಾಗಿರಬಾರದೇಕೆ ಎಂದು ಬಹಿರಂಗವಾಗಿ ಕೇಳಿದರು. ಯಾವ ಪುರಾವೆಯೂ ಸಿಗಲಿಲ್ಲ. ಸೊಳ್ಳೆಗೆ ಪಾಸ್‌ಪೋರ್ಟ್ ಇಲ್ಲ, ಆದರೆ ಅದರ ರಾಷ್ಟ್ರೀಯತೆ ಹುಡುಕುವವರಿಗೆ ಎಂದೂ ಬರವಿಲ್ಲ. 2020ರಲ್ಲಿ ಕೊರೋನಾಕ್ಕೆ ಧರ್ಮವನ್ನು ಅಂಟಿಸಿದ್ದನ್ನು ಕಂಡ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗುಮಾನಿಗಳ ನಡುವೆ ವೈರಸ್ ತನ್ನ ಪಾಡಿಗೆ ಸಾಗುತ್ತಿತ್ತು. ಕೊಳಚೆ ನೀರಿನಲ್ಲಿ ಮೊಟ್ಟೆಯಿಟ್ಟು ಸಂಜೆಯಿಂದ ಮುಂಜಾವಿನವರೆಗೆ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹಕ್ಕಿಯಿಂದ ಹಕ್ಕಿಗೆ ದಾಟಿಸುತ್ತದೆ. ಮನುಷ್ಯ ಮತ್ತು ಕುದುರೆ ಆಕಸ್ಮಿಕ ಬಲಿಗಳು. ಅವರಿಂದ ಸೊಳ್ಳೆಗೆ ಅದು ಮರಳುವುದಿಲ್ಲ. ಸೋಂಕು ತಗಲಿದ ಐವರಲ್ಲಿ ನಾಲ್ವರಿಗೆ ಯಾವ ಲಕ್ಷಣವೂ ಇರದು. ಸುಮಾರು 150ರಲ್ಲಿ ಒಬ್ಬರಿಗೆ ಮಾತ್ರ ಅದು ಮೆದುಳಿಗೋ ನರಮಂಡಲಕ್ಕೋ ಏರುತ್ತದೆ. ಆದ್ದರಿಂದಲೇ ಆಸ್ಪತ್ರೆಯಲ್ಲಿ ಕುಳಿತು ರೋಗಿಗಳನ್ನು ಎಣಿಸಿದರೆ ಈ ವೈರಸ್‌ನ ಜಾಡು ಸಿಗುವುದಿಲ್ಲ. ಅಮೆರಿಕ ಈ ಪಾಠವನ್ನು ಬೇಗನೆ ಕಲಿಯಿತೆಂಬುದನ್ನು ಒಪ್ಪಬೇಕು. 2000ದಲ್ಲಿ ಅದು ಆರ್ಬೊನೆಟ್ ಎಂಬ ಕಣ್ಗಾವಲು ಜಾಲವನ್ನು ಆರಂಭಿಸಿತು. ಸತ್ತ ಹಕ್ಕಿ, ಹಿಡಿದ ಸೊಳ್ಳೆ, ಕಾಯಿಲೆ ಬಿದ್ದ ಕುದುರೆ, ಕಾವಲಿಗೆಂದೇ ಗೂಡಿನಲ್ಲಿಟ್ಟು ಆಗಾಗ ರಕ್ತ ಪರೀಕ್ಷಿಸುವ ಕೋಳಿ, ಕೊನೆಗೆ ಮನುಷ್ಯ - ಎಲ್ಲ ಲೆಕ್ಕವೂ ಒಂದೇ ಕಡೆ ಸೇರತೊಡಗಿತು. ಸತ್ತ ಕಾಗೆ ಕಂಡರೆ ದೂರವಾಣಿ ಕರೆ ಮಾಡುವಂತೆ ಜನಸಾಮಾನ್ಯರನ್ನು ಕೇಳಿಕೊಳ್ಳಲಾಯಿತು.

ಆದರೂ ವೈರಸ್ ನಿಲ್ಲಲಿಲ್ಲ. 2002ರಲ್ಲಿ 4,156 ಪ್ರಕರಣಗಳು, 284 ಸಾವು. 2003ರಲ್ಲಿ 9,862 ಪ್ರಕರಣಗಳು, 264 ಸಾವು. ಅಟ್ಲಾಂಟಿಕ್ ತೀರದಿಂದ ಪೆಸಿಫಿಕ್ ತೀರ ತಲುಪಲು ಅದಕ್ಕೆ ಐದು ವರ್ಷವೂ ಬೇಕಾಗಲಿಲ್ಲ. ಕಣ್ಗಾವಲು ರೋಗವನ್ನು ಕಟ್ಟಿಹಾಕುವ ಹಗ್ಗವಲ್ಲ. ಎಲ್ಲಿ ಮದ್ದು ಹೊಡೆಯಬೇಕು, ಯಾವ ರಕ್ತವನ್ನು ನಂಬಬಾರದು ಎಂದು ಹೇಳುವ ಕಣ್ಣು ಅಷ್ಟೆ. 2002ರಲ್ಲಿ ಒಬ್ಬ ದಾನಿಯ ಅಂಗಗಳನ್ನು ಪಡೆದ ನಾಲ್ವರಿಗೂ ಸೋಂಕು ತಗಲಿದಾಗ, ರಕ್ತದಾನದಿಂದಲೂ ಇದು ಹರಡುವುದೆಂದು ಆ ಕಣ್ಣು ಕಂಡುಕೊಂಡಿತು. ಮರುವರ್ಷದಿಂದಲೇ ದಾನದ ರಕ್ತದ ಪರೀಕ್ಷೆ ಆರಂಭವಾಯಿತು.

ವಿಪರ್ಯಾಸವೆಂದರೆ, ಭೀತಿ ಇಳಿದಂತೆ ಹಣವೂ ಇಳಿಯಿತು. 2004ರಿಂದ 2012ರ ನಡುವೆ ಈ ಜಾಲಕ್ಕೆ ರಾಜ್ಯಗಳು ಪಡೆಯುತ್ತಿದ್ದ ಕೇಂದ್ರ ನೆರವು ಅರ್ಧಕ್ಕಿಂತಲೂ ಕೆಳಗಿಳಿಯಿತು. ಅದೇ 2012ರಲ್ಲಿ ಟೆಕ್ಸಾಸ್‌ನ ಡಲ್ಲಾಸ್ ಪ್ರದೇಶವನ್ನು ಕೇಂದ್ರವಾಗಿಸಿಕೊಂಡು ರೋಗ ಮರಳಿತು. ದೇಶದಲ್ಲಿ 286 ಮಂದಿ ಸತ್ತರು. ಅದಕ್ಕೂ ಮೊದಲು, 2007ರಲ್ಲಿ, ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ವಿಚಿತ್ರವೊಂದು ನಡೆದಿತ್ತು. ಗೃಹಸಾಲ ತೀರಿಸಲಾಗದೆ ಜನರು ಮನೆ ಬಿಟ್ಟುಹೋದರು. ಅವರು ಬಿಟ್ಟುಹೋದ ಈಜುಕೊಳಗಳು ಪಾಚಿಗಟ್ಟಿ ಸೊಳ್ಳೆಗಳ ತೊಟ್ಟಿಲಾದವು. ಆ ವರ್ಷ ಅಲ್ಲಿ ವೆಸ್ಟ್ ನೈಲ್ ಪ್ರಕರಣಗಳು ಹಿಂದಿನ ವರ್ಷಕ್ಕಿಂತ 276 ಶೇಕಡಾ ಹೆಚ್ಚಿದವೆಂದು ಸಂಶೋಧಕರು ದಾಖಲಿಸಿದ್ದಾರೆ. ಬ್ಯಾಂಕುಗಳ ಬಡ್ಡಿಯ ಲೆಕ್ಕ ಆರೋಗ್ಯ ಇಲಾಖೆಯ ಕಡತಕ್ಕೆ ಬಂದು ಸೇರುವುದು ಹೀಗೆ.

ಇನ್ನೂ ಒಂದು ವಿಷಯ. ಕುದುರೆಗಳಿಗೆ ವೆಸ್ಟ್ ನೈಲ್ ಲಸಿಕೆ ಎರಡು ದಶಕಗಳಿಂದ ಮಾರುಕಟ್ಟೆಯಲ್ಲಿದೆ. ಮನುಷ್ಯರಿಗೆ ಇಂದಿಗೂ ಇಲ್ಲ. ಲಸಿಕೆಗಳು ಮಾನವ ಪ್ರಯೋಗದ ಹಂತದವರೆಗೆ ಬಂದು ನಿಂತಿವೆ. ಯಾವ ವರ್ಷ, ಯಾವ ಊರಿನಲ್ಲಿ ರೋಗ ಬರುವುದೆಂದು ತಿಳಿಯದ ಕಾಯಿಲೆಯ ಲಸಿಕೆಯಲ್ಲಿ ಕಂಪೆನಿಗಳಿಗೆ ಲಾಭ ಕಾಣಿಸುತ್ತಿಲ್ಲ. ರೇಸಿನ ಕುದುರೆಗೆ ಮಾಲಿಕನಿದ್ದಾನೆ. ವೃದ್ಧ ರೋಗಿಗೆ ಯಾರಿದ್ದಾರೆ?

ಇದೆಲ್ಲ ದೂರದ ಕಥೆಯೆಂದು ನಾವು ಮಡಚಿಡುವಂತಿಲ್ಲ. 1980ರ ಆಸುಪಾಸಿನಲ್ಲಿ ಕೋಲಾರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಮೆದುಳು ಜ್ವರದಿಂದ ಸತ್ತ ಮಕ್ಕಳ ಮೆದುಳಿನಲ್ಲಿ ಇದೇ ವೈರಸ್ ಪತ್ತೆಯಾಗಿತ್ತು. ನೆರೆಯ ಕೇರಳದ ಆಲಪ್ಪುಳದಲ್ಲಿ 2011ರಲ್ಲಿ ಇದು ಕಾಣಿಸಿಕೊಂಡಿತು. 2019ರಲ್ಲಿ ಮಲಪ್ಪುರಂನ ಪುಟ್ಟ ಬಾಲಕನೊಬ್ಬ ಇದಕ್ಕೆ ಬಲಿಯಾದ. 2024ರಲ್ಲಿ ಮತ್ತೆ ಅಲ್ಲಿ ಎಚ್ಚರಿಕೆ ಹೊರಡಿಸಲಾಯಿತು. ನ್ಯೂಯಾರ್ಕಿನ ಪ್ರಯೋಗಾಲಯವನ್ನು ದಾರಿ ತಪ್ಪಿಸಿದ ಗೊಂದಲ ನಮ್ಮಲ್ಲೂ ಇದೆ. ವೆಸ್ಟ್ ನೈಲ್ ಮತ್ತು ಜಪಾನೀಸ್ ಮೆದುಳು ಜ್ವರ ಹತ್ತಿರದ ಬಂಧುಗಳು. ಪ್ರತಿಕಾಯ ಪರೀಕ್ಷೆಯಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವ ಸಾಧ್ಯತೆ ಧಾರಾಳವಾಗಿದೆ.

ಪ್ರಾಣಿಯ ಸಾವನ್ನು ಎಚ್ಚರಿಕೆಯಾಗಿ ಓದುವುದು ಕನ್ನಡ ನಾಡಿಗೆ ಹೊಸತೇನಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದುದೇ ಹೊಸ ರೋಗವೊಂದರ ಸುಳಿವು ನೀಡಿತ್ತು. ಉಣ್ಣೆಯಿಂದ ಹರಡುವ ಆ ರೋಗಕ್ಕೆ ಜನರು ಮಂಗನ ಕಾಯಿಲೆಯೆಂದೇ ಹೆಸರಿಟ್ಟರು. ಮಲೆನಾಡಿನಲ್ಲಿ ಇಂದಿಗೂ ಮಂಗ ಸತ್ತರೆ ಸುದ್ದಿಯಾಗುತ್ತದೆ. ನಮ್ಮ ಪಟ್ಟಣಗಳ ತೆರೆದ ಚರಂಡಿಯ ಪಕ್ಕದಲ್ಲಿ ಹತ್ತು ಕಾಗೆ ಸತ್ತರೆ ಪೌರಕಾರ್ಮಿಕ ಗುಡಿಸಿ ಒಯ್ಯುತ್ತಾನೆ, ಅಷ್ಟಕ್ಕೆ ಮುಗಿಯಿತು. ಆ ಸುದ್ದಿ ಪುರಸಭೆಯಿಂದ ಪಶುವೈದ್ಯಾಧಿಕಾರಿಗೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿಗೆ ತಲುಪುವ ಸ್ಪಷ್ಟ ವ್ಯವಸ್ಥೆಯನ್ನು ಸರಕಾರ ಪ್ರತಿ ಜಿಲ್ಲೆಯಲ್ಲೂ ಮಾಡಬೇಕು. ಮೆದುಳು ಜ್ವರದಿಂದ ದಾಖಲಾಗುವ ಪ್ರತಿ ರೋಗಿಯ ಮಾದರಿಯನ್ನು ಜಪಾನೀಸ್ ಜ್ವರಕ್ಕೆ ಮಾತ್ರವಲ್ಲ, ವೆಸ್ಟ್ ನೈಲ್‌ಗೂ ಪರೀಕ್ಷಿಸಬೇಕು. ವಿಶೇಷವಾಗಿ ಕೇರಳದ ಗಡಿಗೆ ತಾಗಿರುವ ದಕ್ಷಿಣ ಕನ್ನಡ, ಕೊಡಗು, ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಇದು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಜಾರಿಗೆ ಬರಬೇಕೆಂದು ನಾವು ಒತ್ತಾಯಿಸುತ್ತೇವೆ.