ಮಂಕಾದದ್ದು ಹೆಡ್‌ಲೈಟೋ, ಕಣ್ಣೋ?

"ಡಾಕ್ಟ್ರೇ, ಎದುರಿಗೆ ಬರೋ ಗಾಡಿಗಳ ಲೈಟು ಬಿದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತೆ. ಒಂದ್ಸಲ ಬಿ.ಪಿ. ನೋಡಿ" ಎಂದು ತೋಳು ಚಾಚಿ ಕುಳಿತವರು ನಮ್ಮ ಬಡಾವಣೆಯವರೇ. ಬ್ಯಾಂಕಿನಿಂದ ನಿವೃತ್ತರಾದವರು, ವಯಸ್ಸು 63. ಹಿಂದಿನ ದಿನ ರಾತ್ರಿ ತಿ. ನರಸೀಪುರದ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಾಗ ರಿಂಗ್ ರಸ್ತೆಯ ಹತ್ತಿರ ಎದುರು ಕಾರಿನ ಬಿಳಿ ಬೆಳಕಿಗೆ ಏನೂ ಕಾಣದೆ ವಿಭಜಕಕ್ಕೆ ಗಾಡಿ ತಾಗಿಸಿಕೊಂಡಿದ್ದರು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚೇನೂ ಆಗಿರಲಿಲ್ಲ. ಬಿ.ಪಿ. ಸರಿಯಾಗಿಯೇ ಇತ್ತು. ಟಾರ್ಚಿನಿಂದ ಕಣ್ಣು ನೋಡಿದೆ. ಎರಡೂ ಕಣ್ಣಿನ ಪಾಪೆಯ ಹಿಂದೆ ಬೂದು ಛಾಯೆ. ಪೊರೆ ಬೆಳೆಯುತ್ತಿತ್ತು.

ಗಾಯಕ್ಕೆ ಪಟ್ಟಿ ಕಟ್ಟುತ್ತಾ ಅವರು ಕೇಳಿದರು: "ನಾನೂ ನನ್ನ ಸ್ಕೂಟರಿಗೆ ಎಲ್‌ಇಡಿ ಹಾಕಿಸಿಬಿಡಲೇ? ನೀವೂ ಕಾರಿಗೆ ಹಾಕಿಸಿದ್ದೀರಂತಲ್ಲ."

ನಾನು ಉತ್ತರಿಸಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ನಮ್ಮ ಕಾರು 2006ರದು. ರಾತ್ರಿ ಓಡಿಸುವಾಗ ಬೆಳಕು ಸಾಲದೆಂದು ನಾನು ಗೊಣಗುತ್ತಿದ್ದುದನ್ನು ಕೇಳಿದ ಮಗ ಜೋಡಿ ಎಲ್‌ಇಡಿ ಬಲ್ಬು ತರಿಸಿ, ಒಂದು ಭಾನುವಾರ ಪೋರ್ಟಿಕೋದಲ್ಲಿ ನಿಂತು, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಕೂರಿಸಿಬಿಟ್ಟಿದ್ದ. ಅಂದು ರಾತ್ರಿ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹೋದರೆ ಹಗಲಿನಂಥ ಬೆಳಕು. ಅವನನ್ನು ಹೊಗಳಿದ್ದೇ ಹೊಗಳಿದ್ದು. ನಾಲ್ಕು ದಿನ ಕಳೆದ ಮೇಲೆ, ಊಟ ಮುಗಿಸಿ ನಾನೂ ನನ್ನಾಕೆಯೂ ನಡೆದು ಬರುತ್ತಿದ್ದಾಗ ತಿರುವಿನಲ್ಲಿ ಒಂದು ಕಾರು ಬಂತು. ಕೈಯನ್ನು ಮುಖಕ್ಕೆ ಅಡ್ಡ ಹಿಡಿದೆವು. ಆಕೆ ಚರಂಡಿಯ ಕಲ್ಲಿಗೆ ಎಡವಿ, "ಯಾವನ್ರೀ ಇವನು, ಊರೆಲ್ಲಾ ಕುರುಡಾಗಲಿ ಅಂತ ಹೊರಟಿದ್ದಾನೆ!" ಎಂದು ಬೈದಳು. ಕಾರು ನಮ್ಮ ಗೇಟಿನ ಮುಂದೆಯೇ ನಿಂತಿತು. ಇಳಿದವನು ಮಗ.

ಆದ್ದರಿಂದ ಇಂದು ಬರೆಯುತ್ತಿರುವುದು ತಪ್ಪು ಮಾಡಿ ತಿಳಿದುಕೊಂಡವನ ಮಾತು ಎಂದೇ ಓದಿಕೊಳ್ಳಿ.

ಬಲ್ಬು ಬದಲಾದರೆ ಬೆಳಕು ಹೆಚ್ಚಬೇಕಲ್ಲವೇ, ಎದುರಿನವನಿಗೆ ತೊಂದರೆ ಏಕೆ? ನಮ್ಮ ಬಹುತೇಕ ಹಳೆಯ ಕಾರುಗಳಲ್ಲಿರುವುದು ಎಚ್‌4 ಎಂಬ ಹ್ಯಾಲೊಜೆನ್ ಬಲ್ಬು. ಡಿಮ್‌ಗೆ 55 ವ್ಯಾಟ್, ಬ್ರೈಟ್‌ಗೆ 60 ವ್ಯಾಟ್. ಅದರೊಳಗೆ ಕೂದಲೆಳೆಯಂಥ ಎರಡು ತಂತಿಗಳಿವೆ. ಡಿಮ್ ತಂತಿಯ ಕೆಳಗೆ ಸಣ್ಣ ಬಟ್ಟಲಿನಂಥ ಲೋಹದ ಮರೆ ಇರುತ್ತದೆ. ಅದರಿಂದಾಗಿ ಬೆಳಕು ಬುರುಡೆಯ ಮೇಲರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ರಸ್ತೆಯ ಕಡೆಗೆ ಬಾಗುತ್ತದೆ. ಬುರುಡೆಯ ಹೊಳಪಿನ ಬಟ್ಟಲನ್ನೂ ಗಾಜಿನ ಗೆರೆಗಳನ್ನೂ ರೂಪಿಸಿರುವುದು ಆ ತಂತಿ ಇರುವ ಜಾಗವನ್ನೇ ಲೆಕ್ಕ ಹಿಡಿದು. ಮಿಲಿಮೀಟರಿನಷ್ಟು ಆಚೀಚೆಯಾದರೂ ಬೆಳಕಿನ ದಿಕ್ಕು ಕೆಡುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ತಂತಿಯೇ ಇಲ್ಲ. ಒಂದು ಪಟ್ಟಿಯ ಎರಡು ಮುಖಕ್ಕೆ ಚಪ್ಪಟೆ ಚಿಪ್ಪುಗಳನ್ನು ಅಂಟಿಸಿರುತ್ತಾರೆ. ಅದರ ಬುಡ ಹಳೆಯ ಹೋಲ್ಡರಿನಲ್ಲಿ ಸರಿಯಾಗಿ ಕೂರುತ್ತದೆ, ಬೆಳಕು ಮಾತ್ರ ಬುರುಡೆಯ ಲೆಕ್ಕಕ್ಕೆ ಕೂರುವುದಿಲ್ಲ. ಡಿಮ್ ಹಾಕಿದರೂ ಒಂದು ಪಾಲು ಮೇಲಕ್ಕೆ ಚೆಲ್ಲಿ ಎದುರಿನವರ ಕಣ್ಣಿಗೆ ನೇರವಾಗಿ ಹೋಗುತ್ತದೆ. ಓಡಿಸುವವನಿಗೆ ಕಾಲ ಬುಡದ ರಸ್ತೆ ಫಳಫಳ ಹೊಳೆಯುವುದರಿಂದ ಬಹಳ ಕಾಣುತ್ತಿದೆ ಎಂಬ ಭ್ರಮೆ. ದೂರದಲ್ಲಿ ಕಾಣಬೇಕಾದದ್ದು ಎಷ್ಟೋ ಸಲ ಮೊದಲಿಗಿಂತ ಕಡಿಮೆಯೇ ಕಾಣುತ್ತದೆ.

ಹೊಸ ಕಾರುಗಳಲ್ಲಿ ಕಂಪನಿಯೇ ಕೂರಿಸಿದ ಎಲ್‌ಇಡಿ ಹೆಡ್‌ಲೈಟಿನ ಮಾತು ಬೇರೆ. ಅಲ್ಲಿ ಬುರುಡೆಯನ್ನೇ ಎಲ್‌ಇಡಿಗಾಗಿ ರೂಪಿಸಿರುತ್ತಾರೆ. ಜರ್ಮನಿಯಲ್ಲಿ 2020ರಿಂದ ಹಳೆಯ ಬುರುಡೆಗೂ ಕೆಲವು ಎಲ್‌ಇಡಿ ಬಲ್ಬುಗಳನ್ನು ಒಪ್ಪಿದ್ದಾರೆ. ಆದರೆ ಇಂಥ ಬಲ್ಬು, ಇಂಥ ಮಾದರಿಯ ವಾಹನಕ್ಕೆ ಎಂದು ಪರೀಕ್ಷಿಸಿ ಪಟ್ಟಿ ಮಾಡಿದ ಮೇಲಷ್ಟೇ. ನಮ್ಮಲ್ಲಿ ಡಬ್ಬಿಯ ಮೇಲೆ 'ಎಲ್ಲ ಕಾರಿಗೂ ಹೊಂದುತ್ತದೆ' ಎಂದು ಬರೆದಿರುತ್ತದೆ. ಎಲ್ಲ ರೋಗಕ್ಕೂ ಒಂದೇ ಮಾತ್ರೆ ಎನ್ನುವವನನ್ನು ನೀವು ಏನೆನ್ನುತ್ತೀರಿ?

ಎಲ್‌ಇಡಿಯನ್ನು ನಾನು ತೆಗಳುತ್ತಿಲ್ಲ. ನೀಲಿ ಎಲ್‌ಇಡಿ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು ಸರಿಯಾಗಿಯೇ ಬಂತು. ನಮ್ಮ ಮನೆಗಳಲ್ಲಿರುವ ಬಿಳಿ ಬೆಳಕೂ ಆ ನೀಲಿಯಿಂದಲೇ ಹುಟ್ಟಿದ್ದು. ನೀಲಿ ಚಿಪ್ಪಿನ ಮೇಲೆ ಹಳದಿ ಲೇಪ ಬಳಿದರೆ ಬಿಳಿ ಬೆಳಕು ಬರುತ್ತದೆ. ತೊಡಕಿರುವುದು ಆ ಬೆಳಕು ಕಣ್ಣಿನೊಳಗೆ ಹೋದ ಮೇಲೆ.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ಬೆಳಕಿನಿಂದ ಕತ್ತಲೆಗೆ ಬಂದಾಗ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಕ್ಷಿಪಟಲದ ಕಡ್ಡಿ ಆಕಾರದ ಕಣಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಕತ್ತಲೆಯಲ್ಲಿ ಅದು ನಿಧಾನವಾಗಿ ಕೂಡುತ್ತದೆ, ಬಿರು ಬೆಳಕು ಬಿದ್ದೊಡನೆ ಕರಗುತ್ತದೆ. (ಇದರ ತಯಾರಿಗೆ 'ಎ' ಜೀವಸತ್ವ ಬೇಕು. ಅದು ಕಡಿಮೆಯಾದ ಮಕ್ಕಳಿಗೆ ಇರುಳುಗಣ್ಣು ಬರುವುದು ಇದಕ್ಕೇ.) ಎದುರಿನ ಬೆಳಕು ಸರಿದ ಮೇಲೂ ಕೆಲವು ಕ್ಷಣ ಕಪ್ಪು ಮಚ್ಚೆಯೊಂದು ಕಣ್ಣಮುಂದೆ ತೇಲುವುದು ಎಲ್ಲರಿಗೂ ಅನುಭವದ ಮಾತು. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಮೂರು ಸೆಕೆಂಡು ಕಾಣದಿದ್ದರೆ 50 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಬನ್ನೂರು ರಸ್ತೆಯಲ್ಲಿ ಕಬ್ಬು ಹೇರಿದ ಎತ್ತಿನ ಗಾಡಿಗೆ, ಹಿಂದೀಪವಿಲ್ಲದ ಟ್ರ್ಯಾಕ್ಟರಿಗೆ ಅಷ್ಟು ಜಾಗ ಸಾಕು. ಎರಡು ವಾಹನಗಳು ಎದುರುಬದುರಾದಾಗ ನಡುವೆ ರಸ್ತೆ ದಾಟುತ್ತಿರುವ ಮನುಷ್ಯ ಇಬ್ಬರ ಕಣ್ಣಿಗೂ ಮಾಯವಾಗುವುದುಂಟು. ಬೆಳಕು ಇಷ್ಟಿದ್ದರೂ ನಾನು ಹೇಗೆ ಕಾಣಲಿಲ್ಲ ಎಂದು ಪೆಟ್ಟು ತಿಂದವನಿಗೆ ಅರ್ಥವೇ ಆಗುವುದಿಲ್ಲ.

ವಯಸ್ಸಾದಂತೆ ಇದೆಲ್ಲ ಬಿಗಡಾಯಿಸುತ್ತದೆ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ಹುಡುಗನ ಅಕ್ಷಿಪಟಲ ತಲುಪುವ ಬೆಳಕಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಅರವತ್ತು ದಾಟಿದವರ ಅಕ್ಷಿಪಟಲ ತಲುಪುತ್ತದೆ. ಮಸೂರದಲ್ಲಿ ಪೊರೆಯ ಅಂಶವಿದ್ದರೆ ಬೆಳಕು ಒಳಗೇ ಚೆದರಿ, ಮಂಜು ಕವಿದ ಗಾಜಿನ ಮೂಲಕ ನೋಡಿದಂತೆ ಎಲ್ಲವೂ ಬಿಳಿಚಿಕೊಳ್ಳುತ್ತದೆ. ನೀಲಿ ಛಾಯೆಯ ಬೆಳಕು ಹೆಚ್ಚಿನವರಿಗೆ ಹಳದಿಗಿಂತ ಜಾಸ್ತಿ ಚುಚ್ಚುತ್ತದೆ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರು, ಅದಕ್ಕೆ ಲೇಸರ್ ಹಾಕಿಸಿಕೊಂಡವರು ಚೇತರಿಸಿಕೊಳ್ಳಲು ಇನ್ನೂ ಹೊತ್ತು ಬೇಕು. ಎದುರು ವಾಹನದ ಎಲ್‌ಇಡಿಯಿಂದ ಕಣ್ಣು ಶಾಶ್ವತವಾಗಿ ಹಾಳಾಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಹಾದುಹೋಗುವ ಬೆಳಕಿನಿಂದ ಹಾಗಾಗುವುದಿಲ್ಲ, ಆ ಭಯ ಬೇಡ. ಅಪಾಯವಿರುವುದು ಆ ಮೂರು ಸೆಕೆಂಡಿನಲ್ಲಿ. ರಾತ್ರಿ ಓಡಿಸಲೆಂದು ಮಾರುವ ಹಳದಿ ಕನ್ನಡಕಕ್ಕೂ ದುಡ್ಡು ಹಾಕಬೇಡಿ. ಅದು ಇದ್ದ ಬೆಳಕನ್ನೂ ಕಡಿಮೆ ಮಾಡುತ್ತದೆ; ಪರೀಕ್ಷಿಸಿ ನೋಡಿದವರಿಗೆ ಅದರಿಂದ ಪ್ರಯೋಜನ ಕಂಡಿಲ್ಲ.

ಕಾನೂನು ಇಲ್ಲವೆಂದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಓದಿ. ದೀಪದ ಮುಂದೆ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎನ್ನುತ್ತದೆ. ನಾವು ಚಿಕ್ಕವರಿದ್ದಾಗ ಹೆಡ್‌ಲೈಟಿನ ನಡುವೆ ದೃಷ್ಟಿಬೊಟ್ಟಿನಂತೆ ಕಪ್ಪು ಚುಕ್ಕೆ ಇರುತ್ತಿತ್ತಲ್ಲ, ಅದೂ ಇದೇ ಉದ್ದೇಶಕ್ಕೆ. 2024ರ ಜುಲೈನಲ್ಲಿ ರಾಜ್ಯದಾದ್ಯಂತ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕೇಸು ಹಾಕಲು ಹೊರಟರು. ಒಳ್ಳೆಯದೇ. ಆದರೆ ಹಾಕಿಕೊಂಡವನಿಗೆ ದಂಡ, ಮಾರಿದವನಿಗೆ ಲಾಭ ಎಂಬ ಏರ್ಪಾಡು ನನಗೆ ಅರ್ಥವಾಗುವುದಿಲ್ಲ. ಹದಿನೈದು ವರ್ಷ ತುಂಬಿದ ಕಾರನ್ನು ನವೀಕರಣಕ್ಕೆ ಒಯ್ದಾಗ ಹೊಗೆ ನೋಡುವ ಶ್ರದ್ಧೆಯಲ್ಲೇ ದೀಪದ ಎತ್ತರವನ್ನೂ ನೋಡಿದರೆ ಅರ್ಧ ಕೆಲಸವಾದೀತು.

ವೈದ್ಯರಾದ ನಮ್ಮ ಪಾಲೂ ಇದೆ. ನಲವತ್ತು ದಾಟಿದವರ ಲೈಸೆನ್ಸಿಗೆ ವೈದ್ಯರು ಸಹಿ ಹಾಕುವ ನಮೂನೆಯೊಂದುಂಟು. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ ಎಂದು ಅದರಲ್ಲಿ ಕೇಳಿದೆ. ಬೆಳಕು ಕೋರೈಸಿದ ಮೇಲೆ ಎಷ್ಟು ಹೊತ್ತಿಗೆ ಕಣ್ಣು ಕಾಣುತ್ತದೆ ಎಂಬ ಪರೀಕ್ಷೆ ಇಲ್ಲ. ಮೊಣಕೈ ತರಚಿಕೊಂಡು ಬಂದ ನಮ್ಮ ನೆರೆಯವರಿಗೆ ಎರಡು ವರ್ಷದ ಹಿಂದೆ ಆ ಸರ್ಟಿಫಿಕೇಟಿಗೆ ಸಹಿ ಹಾಕಿದವನು ನಾನೇ. ಹಗಲಿನಲ್ಲಿ ಅವರು ಸೊಗಸಾಗಿ ಓದಿದ್ದರು. ರಾತ್ರಿ ಗಾಡಿ ಓಡಿಸುತ್ತೀರಾ, ಹೇಗಿರುತ್ತದೆ ಎಂದು ಬಾಯಿಮಾತಿಗಾದರೂ ಕೇಳಬಹುದಿತ್ತು. ಕೇಳಲಿಲ್ಲ. ಈಗ ಪ್ರತಿಯೊಬ್ಬರನ್ನೂ ಕೇಳುತ್ತೇನೆ.

ಹಾಗಾದರೆ ಹಳೆಯ ಗಾಡಿಯವರು ಏನು ಮಾಡಬೇಕು? ಮೊದಲು ಕಣ್ಣು ತೋರಿಸಿ. ಕೆ.ಆರ್. ಆಸ್ಪತ್ರೆಯ ನೇತ್ರ ವಿಭಾಗವಿದೆ, ನಿಮ್ಮ ಖಾಸಗಿ ನೇತ್ರವೈದ್ಯರಿದ್ದಾರೆ. ಹೆಡ್‌ಲೈಟು ಸಾಲದೆಂದು ಹೊಸದಾಗಿ ಅನ್ನಿಸತೊಡಗಿದರೆ ಅದನ್ನು ವಾಹನದ ದೋಷವೆಂದು ತಿಳಿಯುವ ಮುಂಚೆ ಕಣ್ಣಿನ ಲಕ್ಷಣವೆಂದು ತಿಳಿಯಿರಿ. ನನಗೂ ಅದೇ ಆಗಿತ್ತು. ಪರೀಕ್ಷಿಸಿಕೊಂಡರೆ ಕನ್ನಡಕದ ನಂಬರು ಮುಕ್ಕಾಲು ಪಾಯಿಂಟು ಬದಲಾಗಿತ್ತು. ಕಾರಿನ ಮುಂಗಾಜೂ ವರ್ಷಗಟ್ಟಲೆ ವೈಪರ್ ಉಜ್ಜಿ ಗೀರುಬಿದ್ದಿತ್ತು.

ಆಮೇಲೆ ಗಾಡಿ. ಪ್ಲಾಸ್ಟಿಕ್ ಬುರುಡೆ ಬಿಸಿಲಿಗೆ ಹಳದಿಗಟ್ಟಿದ್ದರೆ ನೀರು ಕಾಗದದಿಂದ ಉಜ್ಜಿ ಪಾಲಿಶ್ ಮಾಡಿಸಿ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಹೊಳಪು ಬರುತ್ತದೆ, ಹೆಚ್ಚು ದಿನ ನಿಲ್ಲುವುದಿಲ್ಲ. ಒಳಗಿನ ಬೆಳ್ಳಿ ಹೊಳಪು ಸುಲಿದಿದ್ದರೆ ಬುರುಡೆಯನ್ನೇ ಬದಲಿಸಬೇಕು. ಬಹಳ ಮಂದಿ ಮರೆಯುವುದು ವೈರಿಂಗ್. ಹಳೆಯ ವೈರು, ಸುಟ್ಟು ಕಂದಾದ ಹೋಲ್ಡರ್, ತುಕ್ಕು ಹಿಡಿದ ಅರ್ಥ್ ಇವುಗಳಿಂದ ಬಲ್ಬಿಗೆ ಪೂರ್ತಿ ವಿದ್ಯುತ್ ತಲುಪುವುದೇ ಇಲ್ಲ. ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ನಂಬಿಕಸ್ಥ ಆಟೋ ಎಲೆಕ್ಟ್ರಿಷಿಯನ್ ಬಳಿ ಬ್ಯಾಟರಿಯಿಂದ ನೇರವಾಗಿ ರಿಲೇ ಹಾಕಿಸಿ, ಒಳ್ಳೆಯ 60/55 ವ್ಯಾಟಿನ ಹೊಸ ಬಲ್ಬು ಕೂರಿಸಿ. 100 ವ್ಯಾಟಿನದು ಬೇಡ, ಹೋಲ್ಡರ್ ಕರಗುತ್ತದೆ, ಎದುರಿನವರ ಶಾಪವೂ ತಪ್ಪುವುದಿಲ್ಲ.

ದೀಪದ ಎತ್ತರವನ್ನು ಮನೆಯಲ್ಲೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಹತ್ತು ಮೀಟರ್ ದೂರ ಕಾರು ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗಿರಬೇಕು. ಎಡಭಾಗದಲ್ಲಿ ಮಾತ್ರ ರಸ್ತೆಬದಿ ಕಾಣಲೆಂದು ಸ್ವಲ್ಪ ಮೇಲೇರಿರುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಡಿಕ್ಕಿ ತುಂಬಿದರೆ ಮೂತಿ ಮೇಲೇಳುತ್ತದೆ. ಸ್ಟಿಯರಿಂಗ್ ಹತ್ತಿರ ದೀಪ ತಗ್ಗಿಸುವ ಸಣ್ಣ ಗಾಲಿ ಇದ್ದರೆ, ಅದು ಇರುವುದು ಇದಕ್ಕೇ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ನಮ್ಮೂರಿನಲ್ಲಿ ಯೆಜ್ಡಿಗಳು ಇನ್ನೂ ಓಡುತ್ತಿವೆ. ಅವುಗಳ ಮಿಣುಕು ದೀಪಕ್ಕೆ ಬೇಸತ್ತು ಎಲ್‌ಇಡಿ ಹಾಕಿಸುವ ಅಭಿಮಾನಿಗಳ ಕಷ್ಟ ನನಗೆ ಗೊತ್ತು. ಅವರಿಗೂ ನನ್ನ ಸಲಹೆ ಬೇರೆಯಲ್ಲ: ವೈರಿಂಗ್ ಸರಿಮಾಡಿಸಿ, ರಾತ್ರಿ ನಿಧಾನವಾಗಿ ಓಡಿಸಿ, ಆದರೆ ಹಗಲಿನಲ್ಲೇ ಓಡಿಸಿ.

ನಮ್ಮ ನೆರೆಯವರಿಗೆ ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ, ಎಡಗಣ್ಣಿನದು ಮುಂದಿನ ತಿಂಗಳು. ಅಲ್ಲಿಯವರೆಗೆ ಸಂಜೆ ಆರರ ಮೇಲೆ ಸ್ಕೂಟರ್ ಮುಟ್ಟುವುದಿಲ್ಲವೆಂದು ಮನೆಯವರಿಗೆ ಮಾತು ಕೊಟ್ಟಿದ್ದಾರೆ. ನಮ್ಮ ಕಾರಿಗೆ ಹಳೆಯ ಬಗೆಯ ಬಲ್ಬೇ ಮರಳಿ ಬಂದಿದೆ, ರಿಲೇ ಸಮೇತ. ಬಿಚ್ಚಿದ ಎಲ್‌ಇಡಿ ಜೋಡಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅರ್ಧ ಬೆಲೆಗೆ ಗೆಳೆಯನಿಗೆ ಮಾರುತ್ತೇನೆ ಎಂದು ಮಗ ಎರಡು ಸಲ ಕೇಳಿದ. ನಾನು ಕೊಟ್ಟಿಲ್ಲ.