ಮನೆಯ ಕಚೇರಿಗೆ ವೇಗವೊಂದೇ ಸಾಲದು, ವಿಂಗಡಣೆಯೂ ಬೇಕು

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ತರುವಾಯ ಕೆ.ಜಿ.ಎಫ್. ಹಾಗೂ ಬಂಗಾರಪೇಟೆಯ ಸಹಸ್ರಾರು ಕುಟುಂಬಗಳ ಜೀವನೋಪಾಯವು ಬೆಂಗಳೂರಿನ ರೈಲನ್ನು ಅವಲಂಬಿಸಿತು. 2020ರ ಲಾಕ್‌ಡೌನ್ ಆ ರೈಲನ್ನು ನಿಲ್ಲಿಸಿದಾಗ ಅನೇಕರ ಕೆಲಸವೇ ಮನೆಗೆ ಬಂದಿತು. ಇಂದು ನಮ್ಮ ವರ್ತಕರು, ತೆರಿಗೆ ಸಲಹೆಗಾರರು ಮತ್ತು ಸಣ್ಣ ಉದ್ದಿಮೆದಾರರಲ್ಲಿ ಹಲವರಿಗೆ ಮನೆಯ ಒಂದು ಕೋಣೆಯೇ ಕಚೇರಿ. ವೇಗದ ಫೈಬರ್ ಸಂಪರ್ಕಕ್ಕೆ ಪ್ರತಿ ತಿಂಗಳು ಹಣ ತೆರುವ ನಾವು, ಅದು ಮನೆಯೊಳಗೆ ಹೇಗೆ ಹಂಚಿಕೆಯಾಗುತ್ತಿದೆ ಎಂಬುದನ್ನು ಮಾತ್ರ ವಿಚಾರಿಸುವುದಿಲ್ಲ. ಹೆಚ್ಚಿನ ವೇಗದ ಯೋಜನೆಯನ್ನು ಕೊಳ್ಳುವ ಮುನ್ನ ಒಂದು ಚಿಕ್ಕ ಮ್ಯಾನೇಜ್ಡ್ ನೆಟ್‌ವರ್ಕ್ ಸ್ವಿಚ್ಚನ್ನು ಕೊಂಡು ಸರಿಯಾಗಿ ಹೊಂದಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮೊದಲು ವೇಗದ ವಿಚಾರ. ಸೆಕೆಂಡಿಗೆ 300 ಮೆಗಾಬಿಟ್ ಸಂಪರ್ಕ ಪಡೆದು, ಅದರ ಮುಂದೆ 100 ಮೆಗಾಬಿಟ್‌ನ ಹಳೆಯ ಸ್ವಿಚ್ ಇರಿಸಿದರೆ ಉಳಿದ ಹಣ ವ್ಯರ್ಥ. ಗಿಗಾಬಿಟ್ ವೇಗಕ್ಕೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು. ಒಂದು ಜೋಡಿ ಸಡಿಲವಾದರೂ ವೇಗ 100ಕ್ಕೆ ಇಳಿಯಬಹುದು. ಸಾಧಾರಣ ಸ್ವಿಚ್‌ನಲ್ಲಿ ಈ ದೋಷ ಸುಲಭವಾಗಿ ಕಣ್ಣಿಗೆ ಬೀಳದು; ಮ್ಯಾನೇಜ್ಡ್ ಸ್ವಿಚ್‌ನ ಪುಟದಲ್ಲಿ ಪ್ರತಿಯೊಂದು ಪೋರ್ಟಿನ ವೇಗವೂ ನಮೂದಾಗಿರುತ್ತದೆ. 50 ಗಿಗಾಬೈಟ್‌ನ ಲೆಕ್ಕಪತ್ರಗಳ ಬ್ಯಾಕಪ್‌ಗೆ 100 ಮೆಗಾಬಿಟ್‌ನಲ್ಲಿ ಒಂದು ಗಂಟೆಗೂ ಮೀರಿ ಕಾಲ ಹಿಡಿಯುತ್ತದೆ; ಡಿಸ್ಕಿನ ವೇಗ ಅಡ್ಡಿಯಾಗದಿದ್ದರೆ ಗಿಗಾಬಿಟ್‌ನಲ್ಲಿ ಏಳೆಂಟು ನಿಮಿಷ ಸಾಕು.

ಎರಡನೆಯದು, ಹಾಗೂ ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು, ವಿಂಗಡಣೆ. ಗ್ರಾಹಕರ ಪ್ಯಾನ್, ಬ್ಯಾಂಕ್ ವಿವರಗಳಿರುವ ಗಣಕಯಂತ್ರ, ಮಕ್ಕಳ ಮೊಬೈಲು, ಟಿ.ವಿ., ಸಿ.ಸಿ.ಟಿ.ವಿ. ಕ್ಯಾಮೆರಾ ಎಲ್ಲವೂ ಒಂದೇ ಜಾಲದಲ್ಲಿದ್ದರೆ, ದುರ್ಬಲ ಪಾಸ್‌ವರ್ಡಿನ ಒಂದು ಕ್ಯಾಮೆರಾ ಇಡೀ ಕಚೇರಿಗೆ ಹಿತ್ತಲ ಬಾಗಿಲಾಗುತ್ತದೆ. ನಗದು ಪುಸ್ತಕವನ್ನು ಅಡುಗೆಮನೆಯಲ್ಲಿ ಇಡದವರು ಇದನ್ನೇಕೆ ಸಹಿಸಬೇಕು? ಇದಕ್ಕೆ ಪರಿಹಾರ ವಿ-ಲ್ಯಾನ್. ಬಂಗಾರಪೇಟೆ ಜಂಕ್ಷನ್ ಬಲ್ಲವರಿಗೆ ಇದು ಕಷ್ಟವಲ್ಲ: ಬೆಂಗಳೂರಿನ ಕಡೆಯಿಂದ ಒಂದೇ ಹಳಿಯಲ್ಲಿ ಬಂದ ಗಾಡಿಗಳಲ್ಲಿ ಒಂದು ಜೋಲಾರಪೇಟೆಗೆ, ಇನ್ನೊಂದು ಮಾರಿಕುಪ್ಪಂಗೆ ಹೊರಳುತ್ತದೆ. ಅಂತೆಯೇ ಒಂದೇ ಕೇಬಲ್‌ನಲ್ಲಿ ಸಾಗುವ ಮಾಹಿತಿಗೆ ಸಂಖ್ಯೆಯ ಚೀಟಿ ಅಂಟಿಸಿ, ಸ್ವಿಚ್ ಅದನ್ನು ಬೇರ್ಪಡಿಸುತ್ತದೆ.

ಕ್ರಮ ಹೀಗಿರಲಿ. ಮೊಟ್ಟಮೊದಲು ತಯಾರಕರು ಕೊಟ್ಟ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ನವೀಕರಿಸಬೇಕು. ಬಳಿಕ ಕಚೇರಿಗೆ 10, ಮನೆಯವರಿಗೆ 20, ಕ್ಯಾಮೆರಾಗಳಿಗೆ 30 ಎಂದು ಸಂಖ್ಯೆ ನೀಡಬಹುದು. ಒಂದೇ ಉಪಕರಣ ಸೇರುವ ಪೋರ್ಟು ಒಂದೇ ವಿಭಾಗಕ್ಕೆ ಸೇರಲಿ. ರೂಟರ್ ಮತ್ತು ವೈ-ಫೈ ಕಡೆಗಿನ ಪೋರ್ಟು ಮಾತ್ರ ಎಲ್ಲ ಚೀಟಿಗಳನ್ನೂ ಒಯ್ಯಲಿ. ರೂಟರಿಗೂ ವಿ-ಲ್ಯಾನ್ ತಿಳಿದಿರಬೇಕು. ಒಂದು ವಿಭಾಗದಿಂದ ಮತ್ತೊಂದಕ್ಕೆ ಪ್ರವೇಶವನ್ನು ತಡೆಯುವ ನಿಯಮ ಅಲ್ಲಿಯೇ ಬರೆಯಲ್ಪಡಬೇಕು. ಇದನ್ನು ಮರೆತರೆ ಸ್ವಿಚ್ ಕೊಂಡದ್ದು ನಿಷ್ಫಲ. ಕೊನೆಯಲ್ಲಿ ಹೊಂದಾಣಿಕೆಯನ್ನು ಉಳಿಸುವ ಗುಂಡಿಯನ್ನು ಒತ್ತಲೇಬೇಕು. ಅನೇಕ ಸ್ವಿಚ್‌ಗಳಲ್ಲಿ, ಹಾಗೆ ಉಳಿಸದಿದ್ದರೆ, ಒಮ್ಮೆ ವಿದ್ಯುತ್ ಹೋಗಿ ಬಂದೊಡನೆ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ. ಶಿವನಸಮುದ್ರದ ವಿದ್ಯುತ್ತನ್ನು ಬೆಂಗಳೂರಿಗಿಂತಲೂ ಮೊದಲು, 1902ರಲ್ಲಿಯೇ ಪಡೆದ ಊರಿನವರಾದರೂ ವಿದ್ಯುತ್ ಕಡಿತ ನಮಗೆ ಹೊಸದಲ್ಲ.

ವೆಚ್ಚದ ಆಕ್ಷೇಪಣೆ ಸಹಜ. ಆದರೆ ವ್ಯವಹಾರಕ್ಕೆ ಬಳಸುವ ಭಾಗ ಸಂಪೂರ್ಣ ಹೊರೆಯಲ್ಲ. ಗಣಕಯಂತ್ರದೊಡನೆ ಬಳಸುವ ರೂಟರ್ ಮತ್ತು ಸ್ವಿಚ್‌ಗಳನ್ನು ಗಣಕಯಂತ್ರದ ವರ್ಗದಲ್ಲಿಯೇ ಪರಿಗಣಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಮುಂಬಯಿ ವಿಶೇಷ ಪೀಠವು 2010ರಲ್ಲಿ ಡಾಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ತೀರ್ಮಾನಿಸಿತು. ಆಗ ಶೇ. 60 ಇದ್ದ ಸವಕಳಿ ದರವನ್ನು 2017-18ನೇ ಆರ್ಥಿಕ ವರ್ಷದಿಂದ ಶೇ. 40ಕ್ಕೆ ಇಳಿಸಲಾಯಿತು. ಜಿ.ಎಸ್.ಟಿ. ಹೂಡುವಳಿ ತೆರಿಗೆಯೂ ವ್ಯವಹಾರದ ಪ್ರಮಾಣದಷ್ಟು ಲಭ್ಯ. ಕಾಂಪೊಸಿಷನ್ ವರ್ತಕರಿಗೆ ಇದು ಅನ್ವಯಿಸದು. ಮನೆಬಳಕೆಯ ಭಾಗವನ್ನು ಪ್ರಾಮಾಣಿಕವಾಗಿ ಕಳೆಯುವುದು ಅವಶ್ಯ.

ಇನ್ನು, "ಸಣ್ಣ ವರ್ತಕನ ಮಾಹಿತಿ ಯಾರಿಗೆ ಬೇಕು?" ಎನ್ನುವವರಿದ್ದಾರೆ. ಕಾನೂನು ಹಾಗೆ ಕೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸೂಕ್ತ ಭದ್ರತೆ ಒದಗಿಸಲು ತಪ್ಪಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಗರಿಷ್ಠ ದಂಡ ನಮ್ಮಂಥವರಿಗೆ ಬೀಳದಿರಬಹುದು. ಗ್ರಾಹಕನ ವಿಶ್ವಾಸ ಒಮ್ಮೆ ಹೋದರೆ ಅದಕ್ಕೆ ಸವಕಳಿಯೂ ಇಲ್ಲ, ಮರುಪಾವತಿಯೂ ಇಲ್ಲ.

ಆದುದರಿಂದ ಈ ಹೊಣೆಯನ್ನು ಕ್ಯಾಮೆರಾ ಅಳವಡಿಸಲು ಬಂದವರಿಗೆ ಬಿಟ್ಟು ನಿಶ್ಚಿಂತರಾಗುವುದು ತರವಲ್ಲ. ವಾಣಿಜ್ಯ ಮಂಡಳಿಯು ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಲ್ಲಿ ಒಂದೊಂದು ದಿನದ ಪ್ರಾತ್ಯಕ್ಷಿಕೆಯನ್ನು, ಕನ್ನಡದಲ್ಲಿಯೇ, ಏರ್ಪಡಿಸಲಿ. ಸದಸ್ಯರು ಯಾವ ಪೋರ್ಟಿಗೆ ಯಾವ ಉಪಕರಣ ಎಂಬ ಒಂದು ಪುಟದ ವಿವರವನ್ನು ಬರೆದು ಲೆಕ್ಕಪುಸ್ತಕಗಳ ಜೊತೆಗೆ ಇರಿಸಿಕೊಳ್ಳಲಿ. ಆ ಒಂದು ಪುಟವನ್ನು ಬರೆಯಲು ಕುಳಿತಾಗಲೇ ನಮ್ಮ ಮನೆಯ ಜಾಲದಲ್ಲಿ ಯಾರು ಯಾರು ಇದ್ದಾರೆಂಬುದು ನಮಗೆ ತಿಳಿಯುತ್ತದೆ.