ಅಡ್ಡ ಪರದೆಯಲ್ಲಿ ನಿಲುವಿನ ಆಟಗಳು

ಆಳೆತ್ತರದ ಪೆಟ್ಟಿಗೆಯೊಳಗೆ ಪರದೆ, ಹಿಡಿಕೆ, ಗುಂಡಿಗಳನ್ನು ಜೋಡಿಸಿ, ನಾಣ್ಯ ಹಾಕಿದರೆ ಮಾತ್ರ ಆಡಲು ಬರುವಂತೆ ಮಾಡಿದ ವಿಡಿಯೊ ಗೇಮ್ ಯಂತ್ರಗಳ ತಾಣವೇ ಆರ್ಕೇಡ್. ಈ ಆಟಗಳ ಕಾಲ ಇಳಿಮುಖವಾದ ಮೇಲೆ ಅವುಗಳಲ್ಲಿ ಹೆಸರಾದವನ್ನು ಆರಿಸಿ ಸಂಕಲನವಾಗಿ ಹೊರತರುವ ಪದ್ಧತಿ ಬೆಳೆಯಿತು. 2001ರಲ್ಲಿ ನಿಂಟೆಂಡೊ ಕಂಪನಿಯ ‘ಗೇಮ್ ಬಾಯ್ ಅಡ್ವಾನ್ಸ್’ ಎಂಬ ಅಂಗೈ ಯಂತ್ರ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರೊಂದಿಗೇ ಬಂದ ‘ನ್ಯಾಮ್ಕೊ ಮ್ಯೂಸಿಯಂ’ ಅಂಥದೊಂದು ಸಂಕಲನವಾಗಿದ್ದು, ಗ್ಯಾಲಕ್ಸಿಯನ್, ಗ್ಯಾಲಗ, ಮಿಸ್ ಪ್ಯಾಕ್-ಮ್ಯಾನ್, ಡಿಗ್ ಡಗ್ ಮತ್ತು ಪೋಲ್ ಪೊಸಿಷನ್ ಎಂಬ ಐದು ಆಟಗಳು ಅದರ ಒಂದೇ ಕಾರ್ಟ್ರಿಜ್‌ನಲ್ಲಿ ಅಡಕವಾಗಿದ್ದವು. ಹಳೆಯ ಕೃತಿಯನ್ನು ಹೊಸ ಮಾಧ್ಯಮಕ್ಕೆ ತರುವಾಗ ಗ್ರಂಥಸಂಪಾದಕನಿಗೆ ಎದುರಾಗುವ ಪ್ರಶ್ನೆ, ಅಂದರೆ ಯಾವುದು ಪಠ್ಯ, ಯಾವುದು ಕೇವಲ ಹೊದಿಕೆ ಎಂಬ ಪ್ರಶ್ನೆ, ಇಂಥ ಸಂಕಲನಕಾರರಿಗೂ ತಪ್ಪುವುದಿಲ್ಲ.

ಮೊದಲ ತೊಡಕು ಪರದೆಯದು. ಮಿಸ್ ಪ್ಯಾಕ್-ಮ್ಯಾನ್ ಆಟದ ಮೂಲ ಯಂತ್ರದಲ್ಲಿ ಪರದೆಯನ್ನು ನಿಲುವಾಗಿ ಕೂರಿಸಲಾಗಿತ್ತು. ಪಿಕ್ಸೆಲ್ ಎಂಬ ಚಿತ್ರಬಿಂದುಗಳ ಲೆಕ್ಕದಲ್ಲಿ ಅದರ ಅಗಲ 224, ಎತ್ತರ 288. ಗೇಮ್ ಬಾಯ್ ಅಡ್ವಾನ್ಸ್‌ನ ಅಡ್ಡ ಪರದೆಯ ಅಗಲ 240 ಇದ್ದರೂ ಎತ್ತರ ಕೇವಲ 160. ಅಗಲದಲ್ಲಿ ಆಟ ಸಲೀಸಾಗಿ ಹಿಡಿಸುತ್ತದೆ, ಎತ್ತರದಲ್ಲಿ ಮಾತ್ರ ಸುಮಾರು ಅರ್ಧದಷ್ಟು ಹೊರಗುಳಿಯುತ್ತದೆ. ಆದ್ದರಿಂದ ಸಂಕಲನಕಾರರು ಎರಡು ನೋಟಗಳನ್ನು ಒದಗಿಸಿದರು: ಒಂದರಲ್ಲಿ ಆಟ ನಡೆಯುವ ಇಡೀ ಚಕ್ರವ್ಯೂಹ ಕುಗ್ಗಿ ಕಾಣುತ್ತದೆ, ಇನ್ನೊಂದರಲ್ಲಿ ಚಿತ್ರಗಳು ದೊಡ್ಡದಾಗಿಯೇ ಇದ್ದು, ಆಟಗಾರ ಸರಿದಂತೆ ಪರದೆಯೂ ಮೇಲೆ ಕೆಳಗೆ ಸರಿಯುತ್ತದೆ.

ಇವೆರಡರ ನಡುವಿನ ಆಯ್ಕೆ ಕೇವಲ ಕಣ್ಣಿನ ಅನುಕೂಲದ ಮಾತಲ್ಲ. ಈ ಆಟದಲ್ಲಿ ಬೆನ್ನಟ್ಟುವ ನಾಲ್ಕು ಭೂತಗಳು ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಒಂದು ಆಟಗಾರನಿರುವ ಜಾಗವನ್ನೇ ಗುರಿಯಾಗಿಸಿಕೊಂಡರೆ, ಮತ್ತೊಂದು ಅವನಿಗಿಂತ ಮುಂದಿನ ಜಾಗವನ್ನು ಗುರಿಯಾಗಿಸಿ ದಾರಿಗೆ ಅಡ್ಡ ಬರುತ್ತದೆ. ನಾಲ್ಕರ ಸ್ಥಾನವನ್ನೂ ಏಕಕಾಲಕ್ಕೆ ಕಂಡು ದಾರಿಯನ್ನು ನಿರ್ಧರಿಸುವುದೇ ಆಟದ ಸಾರವಾದ್ದರಿಂದ, ಸರಿಯುವ ಪರದೆ ಚಿತ್ರವನ್ನು ಉಳಿಸಿಕೊಂಡು ಆಟವನ್ನು ಕಳೆದುಕೊಳ್ಳುತ್ತದೆ. ಕುಗ್ಗಿದ ಪರದೆಯಲ್ಲಿ ಚಿತ್ರದ ಸೊಗಸು ಕೆಟ್ಟರೂ ಆಟ ಉಳಿಯುತ್ತದೆ.

ಎರಡನೆಯ ತೊಡಕು ಕೈಗೆ ಸಂಬಂಧಿಸಿದ್ದು. ಎಡಬಲಕ್ಕೆ ಮಾತ್ರ ಚಲಿಸುವ ಹಿಡಿಕೆ ಮತ್ತು ಗುಂಡು ಹಾರಿಸುವ ಒಂದು ಗುಂಡಿ ಸಾಕಾಗುವ ಗ್ಯಾಲಗ ಅಂಗೈ ಯಂತ್ರಕ್ಕೆ ಹೆಚ್ಚಿನ ನಷ್ಟವಿಲ್ಲದೆ ಹೊಂದಿಕೊಳ್ಳುತ್ತದೆ. ಆದರೆ 1982ರ ಕಾರ್ ಪಂದ್ಯದ ಆಟವಾದ ಪೋಲ್ ಪೊಸಿಷನ್‌ಗೆ ಸ್ಟೀರಿಂಗ್ ಚಕ್ರ, ಗೇರ್ ಮತ್ತು ಪೆಡಲ್‌ಗಳಿದ್ದವು. ತಿರುವಿನಲ್ಲಿ ಚಕ್ರವನ್ನು ಎಷ್ಟು ತಿರುಗಿಸಬೇಕೆಂಬ ಅಂದಾಜೇ ಅಲ್ಲಿನ ಕೌಶಲವಾಗಿರುವಾಗ, ಒತ್ತಿದರೆ ಉಂಟು, ಬಿಟ್ಟರೆ ಇಲ್ಲ ಎನ್ನುವ ಗುಂಡಿಗೆ ಆ ‘ಎಷ್ಟು’ ಎಂಬುದು ತಿಳಿಯದು.

ಮೂರನೆಯದಾದ ನಾಣ್ಯದ ವಿಷಯ ಹೆಚ್ಚು ಸೂಕ್ಷ್ಮವಾದುದು. ಒಂದು ನಾಣ್ಯಕ್ಕೆ ಎಷ್ಟು ಜೀವ, ಆಟ ಎಷ್ಟು ಕಠಿಣ ಎಂಬುದನ್ನು ಯಂತ್ರದ ಒಳಗಿನ ಚಿಕ್ಕ ಸ್ವಿಚ್‌ಗಳ ಮೂಲಕ ಅದರ ಒಡೆಯ ನಿಗದಿ ಮಾಡುತ್ತಿದ್ದ. ಹೊಸಬನನ್ನು ಬೇಗ ಹೊರಹಾಕಿ ಮುಂದಿನ ನಾಣ್ಯಕ್ಕೆ ಎಡೆಮಾಡುವ ಈ ಕಾಠಿಣ್ಯ ವ್ಯಾಪಾರದ ಅಗತ್ಯದಿಂದ ಹುಟ್ಟಿದ್ದು. ಗುಂಡಿ ಒತ್ತಿದಷ್ಟೂ ಸಾರಿ ಬಿಟ್ಟಿಯಾಗಿ ಆಡಬಹುದಾದ ಅಂಗೈ ಯಂತ್ರದಲ್ಲಿ ಅದೇ ಕಾಠಿಣ್ಯ ಕಾರಣವಿಲ್ಲದ ಹಟದಂತೆ ತೋರುತ್ತದೆ. ಹಾಗೆಂದು ಅದನ್ನು ಸಡಿಲಿಸಿದರೆ ಉಳಿಯುವುದು ಬೇರೆಯೇ ಆಟ.

ಈ ತೊಡಕುಗಳಲ್ಲಿ ಪರದೆಯದು ಕಾಲಾಂತರದಲ್ಲಿ ಬಗೆಹರಿಯಿತು. 2017ರಲ್ಲಿ ‘ನಿಂಟೆಂಡೊ ಸ್ವಿಚ್’ ಎಂಬ ಆಟದ ಯಂತ್ರಕ್ಕೆ ಬಂದ, ‘ನ್ಯಾಮ್ಕೊ ಮ್ಯೂಸಿಯಂ’ ಎಂಬ ಅದೇ ಹೆಸರಿನ ಸಂಕಲನದಲ್ಲಿ ಯಂತ್ರವನ್ನು ನಿಲುವಾಗಿ ಇಟ್ಟು ಆಡುವ ಅವಕಾಶವಿದೆ. 720ಕ್ಕೆ 1280 ಚಿತ್ರಬಿಂದುಗಳ ಆ ಪರದೆಯಲ್ಲಿ ಮೂಲದ ಒಂದೊಂದು ಬಿಂದುವನ್ನೂ ಮೂರು ಪಟ್ಟು ಹಿಗ್ಗಿಸಿದರೂ ಜಾಗ ಮಿಗುತ್ತದೆ. ಆದರೆ ಆ ಸಂಕಲನದಲ್ಲಿ ಮಿಸ್ ಪ್ಯಾಕ್-ಮ್ಯಾನ್ ಇಲ್ಲ, 2022ರ ‘ಪ್ಯಾಕ್-ಮ್ಯಾನ್ ಮ್ಯೂಸಿಯಂ ಪ್ಲಸ್’ನಲ್ಲಿಯೂ ಇಲ್ಲ. ಈ ಆಟವನ್ನು ರೂಪಿಸಿದ್ದು ನ್ಯಾಮ್ಕೊ ಕಂಪನಿಯಲ್ಲ. ಅಮೆರಿಕದ ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಮೂಲ ಪ್ಯಾಕ್-ಮ್ಯಾನ್ ಅನ್ನು ಮಾರ್ಪಡಿಸಿ ಮಾಡಿದ್ದನ್ನು ಮಿಡ್‌ವೇ ಕಂಪನಿ ಹೊರತಂದಿತ್ತು. ಆ ಹುಟ್ಟಿನಿಂದ ಉಳಿದುಬಂದ ರಾಯಧನದ ಹಕ್ಕು 2019ರಲ್ಲಿ ವ್ಯಾಜ್ಯಕ್ಕೂ ಎಡೆಮಾಡಿತು.

ಹೀಗಾಗಿ ಸಂಕಲನವೊಂದನ್ನು ತೂಗುವಾಗ ಆಟಗಳ ಸಂಖ್ಯೆಯನ್ನೂ ಚಿತ್ರದ ಸ್ಪಷ್ಟತೆಯನ್ನೂ ಎಣಿಸಿದರೆ ಸಾಲದು. ಒಡೆಯನ ಕೈಯಲ್ಲಿದ್ದ ಸ್ವಿಚ್‌ಗಳ ಆಯ್ಕೆ ಈಗ ಆಟಗಾರನಿಗೆ ಸಿಗುತ್ತಿದೆಯೇ, ಮಾಡಿದ ಬದಲಾವಣೆಯನ್ನು ಬದಲಾವಣೆಯೆಂದೇ ತಿಳಿಸಲಾಗಿದೆಯೇ, ಬಿಟ್ಟುಹೋದ ಆಟ ಏಕೆ ಬಿಟ್ಟುಹೋಯಿತು ಎಂಬುದನ್ನೂ ಕೇಳಬೇಕಾಗುತ್ತದೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡದ ಸಂಪಾದನೆಯನ್ನು ವಿದ್ವಾಂಸರು ಒಪ್ಪುವುದಿಲ್ಲ. ನಲವತ್ತು ವರ್ಷ ದಾಟಿದ ಈ ಆಟಗಳೂ ಅಷ್ಟು ಶಿಸ್ತನ್ನು ಬೇಡುವ ವಯಸ್ಸಿಗೆ ಬಂದಿವೆ.